ಓವನ್ ಇಲ್ಲದೆ ಶೇಂಗಾ–ಚಾಕಲೇಟ್ ಪದರದ ಸಿಹಿ: ಕಲಬುರಗಿ ಬಿಸಿಲಲ್ಲಿ ನಿಲ್ಲುವ ಹಾಗೆ ಹೇಗೆ ಮಾಡೋದು?

ಸೇಡಂ ರಸ್ತೆ ಮನೆ
ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನನ್ನ ಮಗಳಿಗೆ 10 ತುಂಬುತ್ತದೆ. ಈ ಸಲ ಕೇಕ್ ಬೇಡವಂತೆ. ಕೆಳಗೆ ಬಿಸ್ಕತ್ತು, ನಡುವೆ ಶೇಂಗಾ ಬಟರ್, ಮೇಲೆ ಚಾಕಲೇಟ್ ಇರುವ ಪದರದ ಸಿಹಿಯೇ ಬೇಕಂತೆ. ಎಲ್ಲೋ ವಿಡಿಯೋದಲ್ಲಿ ನೋಡಿದ್ದಾಳೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಇದಕ್ಕೆ ಓವನ್ ಬೇಡ, ಫ್ರಿಜ್ ಇದ್ದರೆ ಸಾಕು ಅಂತ ಗೊತ್ತಾದಾಗ ಸಮಾಧಾನ ಆಯಿತು.

ನಿನ್ನೆ ಒಂದು ಸಲ ಮಾಡಿ ನೋಡಿದೆ. ಮೂರು ಕಡೆ ಕೆಟ್ಟಿತು.

ರೆಸಿಪಿ ಅಮೆರಿಕದ್ದು. ಅದರಲ್ಲಿ ಇನ್‌ಸ್ಟಂಟ್ ಪುಡ್ಡಿಂಗ್ ಪುಡಿಗೆ ತಣ್ಣನೆ ಹಾಲು ಹಾಕಿ ಕಲಸಿ ಅಂತ ಇತ್ತು. ಮನೆಯಲ್ಲಿ ಕಸ್ಟರ್ಡ್ ಪುಡಿ ಇತ್ತು, ಅದನ್ನೇ ತಣ್ಣನೆ ಹಾಲಿಗೆ ಹಾಕಿದೆ. ಗಟ್ಟಿ ಆಗಲೇ ಇಲ್ಲ. ಬಾಯಿಗಿಟ್ಟರೆ ಹಸಿ ಹಿಟ್ಟಿನ ರುಚಿ. ಆಮೇಲೆ ಫ್ರೆಶ್ ಕ್ರೀಮ್ ತಂದು ಅರ್ಧ ಗಂಟೆ ಬೀಟ್ ಮಾಡಿದೆ. ಅದು ಉಬ್ಬಲಿಲ್ಲ, ಕೊನೆಗೆ ಒಡೆದು ನೀರೇ ಬೇರೆ, ಬೆಣ್ಣೆಯೇ ಬೇರೆ ಆಯಿತು. ಹೇಗೋ ಪದರ ಹಾಕಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ತೆಗೆದಾಗ ಚೆನ್ನಾಗಿಯೇ ಕಂಡಿತು. ಮಧ್ಯಾಹ್ನ ಊಟಕ್ಕೆ ಮೇಜಿನ ಮೇಲೆ ಇಟ್ಟು ಹತ್ತು ನಿಮಿಷ ಆಗಿರಬೇಕು, ಮೇಲಿನ ಚಾಕಲೇಟ್ ಪದರ ಇಡೀ ಹಾಗೆಯೇ ಜಾರಿ ತಟ್ಟೆಯ ಅಂಚಿಗೆ ಬಂದು ನಿಂತಿತು. ಹೊರಗೆ 43 ಡಿಗ್ರಿ ಇತ್ತು.

ಭಾನುವಾರ 15 ಮಕ್ಕಳು ಬರುತ್ತಾರೆ. ಚೌಕವಾಗಿ ಕತ್ತರಿಸಿ ಕೊಡಬೇಕು ಅನ್ನುವುದು ಮಗಳ ಆಸೆ. ನಮ್ಮ ಊರಿನ ಬಿಸಿಲಿಗೆ ಇದು ಆಗುತ್ತದಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ. ನಾವು ಮೊಟ್ಟೆ ತಿನ್ನುವುದಿಲ್ಲ.


ಜೇವರ್ಗಿ ರಸ್ತೆ ಕೇಕ್ ಅಕ್ಕ
ಸೋಮವಾರ, ರಾತ್ರಿ 10:35

ಆಗುತ್ತದೆ ತಂಗಿ. ನಾನು ಮನೆಯಿಂದಲೇ ಕೇಕ್ ಆರ್ಡರ್ ಮಾಡಿಕೊಡುತ್ತೇನೆ, ಏಪ್ರಿಲ್–ಮೇ ತಿಂಗಳು ಬಂದರೆ ನನಗೂ ಇದೇ ಚಿಂತೆ. ನಿನ್ನ ಕೈಯಲ್ಲಿ ತಪ್ಪಿಲ್ಲ. ಆ ರೆಸಿಪಿ ತಂಪು ಊರಿನದು.

ಮೊದಲು ಕ್ರೀಮ್ ವಿಷಯ. ಅಂಗಡಿಯಲ್ಲಿ ಸಿಗುವ ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬಿನಂಶ 25 ಪರ್ಸೆಂಟ್. ಉಬ್ಬಿ ನಿಲ್ಲಬೇಕಾದರೆ 30ರ ಮೇಲೆ ಇರಬೇಕು. ಎಷ್ಟು ಬೀಟ್ ಮಾಡಿದರೂ ಅದು ನಿಲ್ಲುವುದಿಲ್ಲ. ಬೇಕರಿ ಸಾಮಾನಿನ ಅಂಗಡಿಯಲ್ಲಿ ವಿಪ್ಪಿಂಗ್ ಕ್ರೀಮ್ ಸಿಗುತ್ತದೆ. ಆದರೆ ಅಂಗಡಿಯಿಂದ ಮನೆಗೆ ತರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು ಸರಿಯಾಗಿ ಉಬ್ಬುವುದಿಲ್ಲ. ನನ್ನ ಮಾತು ಕೇಳುವುದಾದರೆ ಈ ಸಿಹಿಯಲ್ಲಿ ಉಬ್ಬಿಸಿದ ಕ್ರೀಮ್ ಬಿಟ್ಟೇ ಬಿಡು. ಚಕ್ಕಾ ಹಾಕು.

ಶ್ರೀಖಂಡಕ್ಕೆ ಮೊಸರು ಕಟ್ಟಿ ಹಾಕುತ್ತೇವಲ್ಲ, ಅದೇ ಚಕ್ಕಾ. ಗಟ್ಟಿ ಇರುತ್ತದೆ, ನುಣುಪು ಇರುತ್ತದೆ, ಹಾಲಿನ ರುಚಿಯೂ ಬರುತ್ತದೆ. ಸ್ವಲ್ಪ ಹುಳಿ ಇರುವುದರಿಂದ ಶೇಂಗಾದ ಜಿಡ್ಡು ಬಾಯಿಗೆ ಹತ್ತುವುದಿಲ್ಲ. ಒಂದೇ ಎಚ್ಚರ. ಅರಿವೆಯಲ್ಲಿ ಕಟ್ಟಿ ಅಡುಗೆಮನೆಯ ನಲ್ಲಿಗೆ ನೇತುಹಾಕಬೇಡ. ಈ ಬಿಸಿಲಿಗೆ ಎರಡು ಗಂಟೆಯಲ್ಲಿ ಹುಳಿ ಬರುತ್ತದೆ. ಜರಡಿಯಲ್ಲಿ ಅರಿವೆ ಹಾಸಿ ಮೊಸರು ಸುರಿದು, ಕೆಳಗೊಂದು ಬೋಗುಣಿ ಇಟ್ಟು, ಇಡೀ ರಾತ್ರಿ ಫ್ರಿಜ್ ಒಳಗೇ ಇಡು.

ಇನ್ನು ಚಾಕಲೇಟ್. ಜಾರಿದ್ದು ಯಾಕೆ ಅಂದರೆ, ಅಸಲಿ ಚಾಕಲೇಟ್‌ನಲ್ಲಿ ಇರುವುದು ಕೋಕೋ ಬಟರ್. ಅದು ಕರಗುವುದು ಸುಮಾರು 34 ಡಿಗ್ರಿಗೆ. ನಾಲಿಗೆ ಮೇಲೆ ಇಟ್ಟ ಕೂಡಲೇ ಕರಗುವ ಆ ಸುಖ ಅದರಿಂದಲೇ. ಆದರೆ ನಮ್ಮ ಮನೆಯ ಒಳಗೇ ಮಧ್ಯಾಹ್ನ 36, 37 ಇರುತ್ತದೆ ಅಲ್ವಾ? ಹಾಗಾಗಿ ಈ ತಿಂಗಳು ಕಾಂಪೌಂಡ್ ತಗೊ. ಪೊಟ್ಟಣದ ಹಿಂದೆ ಓದು. ಕೋಕೋ ಬಟರ್ ಬದಲು ಹೈಡ್ರೋಜನೇಟೆಡ್ ವನಸ್ಪತಿ ಕೊಬ್ಬು ಅಂತ ಬರೆದಿದ್ದರೆ ಅದು ಕಾಂಪೌಂಡ್. ಅಸಲಿಯಷ್ಟು ರುಚಿ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಡಿಸೆಂಬರ್‌ನಲ್ಲಿ ಮಾಡುವಾಗ ನಾನೂ ಅಸಲಿಯನ್ನೇ ಹಾಕುತ್ತೇನೆ. ಮೇ ತಿಂಗಳಲ್ಲಿ ಬೇಡ. ಡಾರ್ಕ್ ಕಾಂಪೌಂಡ್ ತಗೊಂಡು ಒಂದು ಚಮಚ ಕೋಕೋ ಪುಡಿ, ಚಿಟಿಕೆ ಉಪ್ಪು ಸೇರಿಸಿದರೆ ರುಚಿ ಏಳುತ್ತದೆ.

ಅರ್ಧ ಅಸಲಿ, ಅರ್ಧ ಕಾಂಪೌಂಡ್ ಬೆರೆಸೋಣ ಅಂತ ಮಾತ್ರ ಅಂದುಕೊಳ್ಳಬೇಡ. ಎರಡರ ಕೊಬ್ಬೂ ಒಂದಕ್ಕೊಂದು ಹೊಂದುವುದಿಲ್ಲ. ಇನ್ನೂ ಮೆತ್ತಗಾಗುತ್ತದೆ, ಎರಡು ದಿನಕ್ಕೆ ಮೇಲೆ ಬಿಳಿ ಮಚ್ಚೆ ಬರುತ್ತದೆ.


ಓಹಾಯೋದಲ್ಲಿರುವ ಬೀದರಿನವ
ಮಂಗಳವಾರ, ಬೆಳಿಗ್ಗೆ 6:15

ಅಕ್ಕಾ, ಪುಡ್ಡಿಂಗ್ ಯಾಕೆ ಗಟ್ಟಿಯಾಗಲಿಲ್ಲ ಅನ್ನುವುದನ್ನು ನಾನು ಹೇಳುತ್ತೇನೆ. ಇಲ್ಲಿ ಆ ಡಬ್ಬಿ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಅದರಲ್ಲಿರುವ ಪಿಷ್ಟವನ್ನು ಕಾರ್ಖಾನೆಯಲ್ಲೇ ಬೇಯಿಸಿ ಒಣಗಿಸಿ ಪುಡಿ ಮಾಡಿರುತ್ತಾರೆ. ಅದಕ್ಕೇ ತಣ್ಣನೆ ಹಾಲಿನಲ್ಲೂ ಐದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ನಮ್ಮ ಕಸ್ಟರ್ಡ್ ಪುಡಿಯಲ್ಲಿ ಇರುವುದು ಹಸಿ ಕಾರ್ನ್‌ಫ್ಲೋರ್. ಅದು ಕುದಿಯಲೇಬೇಕು. ಎರಡೂ ನೋಡಲು ಒಂದೇ ಥರ ಇದ್ದರೂ ಕೆಲಸ ಬೇರೆ.

ಈ ಥರದ ಪದರದ ಸಿಹಿಗಳಲ್ಲಿ ಇಲ್ಲಿಯವರು ಹಾಕುವ ಇನ್ನೊಂದು ಸಾಮಾನು ಕೂಲ್ ವಿಪ್. 1966ರಲ್ಲಿ ಮಾರುಕಟ್ಟೆಗೆ ಬಂದ, ಆಗಲೇ ಉಬ್ಬಿಸಿ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿದ ಕ್ರೀಮಿನಂಥದ್ದು. ಫ್ರೀಜರ್‌ನಿಂದ ತೆಗೆದು ಸುರಿದರೆ ಮುಗಿಯಿತು. ಅಂದರೆ ಅವರ ರೆಸಿಪಿಯಲ್ಲಿ ಅರ್ಧ ಕೆಲಸ ಡಬ್ಬಿಯೊಳಗೇ ಆಗಿರುತ್ತದೆ. ನೀವು ಮೂರೂ ಪದರವನ್ನು ಮೊದಲಿನಿಂದ ಮಾಡಬೇಕು. ಹಾಗಾಗಿ ಆ ರೆಸಿಪಿಯನ್ನು ಪಕ್ಕಕ್ಕಿಡಿ, ಕೇಕ್ ಅಕ್ಕ ಹೇಳಿದ ದಾರಿಯೇ ಸರಿ.

ಶೇಂಗಾ ಮತ್ತು ಚಾಕಲೇಟ್ ಜೋಡಿ ಈ ದೇಶದವರ ಬಾಯಿಗೆ ಹತ್ತಿ ನೂರು ವರ್ಷ ಆಗುತ್ತ ಬಂತು. ರೀಸ್ ಅನ್ನುವವರು ಪೆನ್ಸಿಲ್ವೇನಿಯಾದ ಹರ್ಶಿ ಊರಿನಲ್ಲಿ ಚಾಕಲೇಟ್ ಬಟ್ಟಲಿಗೆ ಶೇಂಗಾ ಬಟರ್ ತುಂಬಿ ಮಾರಲು ಶುರು ಮಾಡಿದ್ದು 1928ರಲ್ಲಿ. ನಾನಿರುವ ಓಹಾಯೋದಲ್ಲಿ ಬಕ್‌ಐ ಅಂತ ಒಂದು ಉಂಡೆ ಮಾಡುತ್ತಾರೆ. ಸಕ್ಕರೆ ಪುಡಿ, ಬೆಣ್ಣೆ, ಶೇಂಗಾ ಬಟರ್ ಕಲಸಿ ಉಂಡೆ ಕಟ್ಟಿ, ನೆತ್ತಿ ಮಾತ್ರ ಬಿಟ್ಟು ಚಾಕಲೇಟ್‌ನಲ್ಲಿ ಅದ್ದುತ್ತಾರೆ. ಮೊದಲ ಸಲ ತಿಂದಾಗ ನನಗೆ ಎಳ್ಳ ಅಮಾವಾಸ್ಯೆಯ ಶೇಂಗಾ ಹೋಳಿಗೆಯ ಹೂರಣ ನೆನಪಾಯಿತು. ಹೊಲದಲ್ಲಿ ಕುಳಿತು, ಭಜ್ಜಿ ಸಜ್ಜೆ ರೊಟ್ಟಿ ಮುಗಿಸಿ, ಕೊನೆಗೆ ತುಪ್ಪ ಹಚ್ಚಿ ತಿನ್ನುತ್ತಿದ್ದೆವಲ್ಲ, ಅದೇ ರುಚಿ.


ಆಳಂದದ ಆಯಿ
ಮಂಗಳವಾರ, ಮಧ್ಯಾಹ್ನ 3:20

ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ತಂಗಿ, ಶೇಂಗಾ ಬಟರ್ ಡಬ್ಬಿ ತಂದೆಯೋ, ಮನೆಯಲ್ಲಿ ಮಾಡಿದೆಯೋ ಅಂತ ನೀನು ಹೇಳಲಿಲ್ಲ. ಮನೆಯಲ್ಲೇ ಮಾಡು. ಇದು ನಮಗೆ ಹೊಸದಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ಅಂತ ಚಟ್ನಿಪುಡಿ ಮಾಡುತ್ತೇವಲ್ಲ, ಅದನ್ನೇ ನಿಲ್ಲಿಸದೆ ಮುಂದುವರಿಸಿದರೆ ಅದು. ಸೊಲ್ಲಾಪುರದವರು ಚಟ್ನಿಯನ್ನು ಒರಳಲ್ಲಿ ಕುಟ್ಟುವುದು ನೋಡಿದ್ದೀಯಾ? ಕುಟ್ಟಿ ಕುಟ್ಟಿ ಎಣ್ಣೆ ಬಿಡಿಸುತ್ತಾರೆ. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುವುದು. ಅದು ಹೊರಗೆ ಬಂದರೆ ತಾನೇ ಬೆಣ್ಣೆಯಾಗುತ್ತದೆ.

ಮೊರದಲ್ಲಿ ಹಸನು ಮಾಡಿದ 300 ಗ್ರಾಂ ಶೇಂಗಾ ತಗೊ. ದಪ್ಪ ತಳದ ಕಡಾಯಿ, ಸಣ್ಣ ಉರಿ. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಕೈ ಬಿಡದೆ ತಿರುವುತ್ತಾ ಇರು. ಹತ್ತು ನಿಮಿಷಕ್ಕೆ ಚಟಪಟ ಅನ್ನಲು ಶುರುವಾಗುತ್ತದೆ. ಆಗ ಒಂದು ಕಾಳು ತೆಗೆದು ಆರಿಸಿ ಎರಡು ಬೇಳೆ ಬಿಡಿಸು. ಒಳಮೈ ಗೋಧಿ ಬಣ್ಣಕ್ಕೆ ಬಂದಿದ್ದರೆ ಸಾಕು. ಬಿಸಿ ಇರುವಾಗಲೇ ಅರಿವೆ ಮೇಲೆ ಸುರಿದು ಗಂಟು ಕಟ್ಟಿ ಉಜ್ಜು. ಸಿಪ್ಪೆ ಬಿಡುತ್ತದೆ. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸು. ಸಿಪ್ಪೆ ಉಳಿದರೆ ಒಗರು ಬರುತ್ತದೆ.

ಪೂರ್ತಿ ಆರಿದ ಮೇಲೆ ಮಿಕ್ಸರ್‌ಗೆ ಹಾಕು. ಚಟ್ನಿ ಜಾರು ಒಳ್ಳೆಯದು, ದೊಡ್ಡ ಜಾರಿನಲ್ಲಿ ಬದಿಗೆ ಅಂಟಿ ನಿಲ್ಲುತ್ತದೆ. ಎರಡು ಸಲ ತಿರುಗಿಸಿದರೆ ಹಿಂಡಿ ಆಗುತ್ತದೆ. ಅಲ್ಲಿಗೆ ನಿಲ್ಲಿಸಬೇಡ. ಇನ್ನೂ ತಿರುಗಿಸಿದರೆ ಒದ್ದೆ ಮರಳಿನ ಥರ ಉಂಡೆಗಟ್ಟಿ ಬದಿಗೆ ಹತ್ತುತ್ತದೆ. ಎಲ್ಲರೂ ಹೆದರುವುದು ಇಲ್ಲೇ. ಕೆಟ್ಟಿತು ಅಂತ ನೀರು ಹಾಕುತ್ತಾರೆ. ನೀರು ಹಾಕಿದರೆ ಮುಗಿಯಿತು, ಮುದ್ದೆಯಾಗಿ ನಿಂತುಬಿಡುತ್ತದೆ. ಚಮಚದಿಂದ ಕೆರೆದು ಕೆಳಗೆ ತಳ್ಳು, ಅರ್ಧ ನಿಮಿಷ ತಿರುಗಿಸು, ನಿಲ್ಲಿಸು. ಮೋಟಾರು ಬಿಸಿಯಾಗದಂತೆ ನಡುನಡುವೆ ಬಿಡುವು ಕೊಡು. ಐದಾರು ಸಲ ಹೀಗೆ ಮಾಡಿದರೆ ಸದ್ದೇ ಬದಲಾಗುತ್ತದೆ. ಗರಗರ ಹೋಗಿ ತಣ್ಣಗೆ ಸುತ್ತುವ ಸದ್ದು ಬರುತ್ತದೆ. ಮುಚ್ಚಳ ತೆಗೆದರೆ ಹೊಳೆಯುತ್ತಿರುತ್ತದೆ, ಚಮಚ ಎತ್ತಿದರೆ ದಾರದ ಹಾಗೆ ಇಳಿಯುತ್ತದೆ. ಆಗ ಉಪ್ಪು ಹಾಕು.


ಸೇಡಂ ರಸ್ತೆ ಮನೆ
ಮಂಗಳವಾರ, ರಾತ್ರಿ 9:05

ಆಯಿ, ಓದಿ ಮನಸ್ಸು ತುಂಬಿತು. ನಾನು ಡಬ್ಬಿಯದ್ದು ತಂದಿದ್ದೆ. ಈಗ ಮನೆಯಲ್ಲೇ ಮಾಡುತ್ತೇನೆ.

ಎರಡು ಪ್ರಶ್ನೆ. ಮನೆಯಲ್ಲಿ ಮಾಡಿದ್ದರ ಮೇಲೆ ಎಣ್ಣೆ ತೇಲುತ್ತದೆ ಅಂತಾರೆ, ಡಬ್ಬಿಯದ್ದರಲ್ಲಿ ತೇಲುವುದಿಲ್ಲ. ಅದರಿಂದ ಪದರ ಜಾರುತ್ತದಾ? ಇನ್ನೊಂದು, ಗಂಜ್ ಮಾರುಕಟ್ಟೆಯಲ್ಲಿ ಶೇಂಗಾ ತರುವಾಗ ಏನು ನೋಡಬೇಕು?


ಓಹಾಯೋದಲ್ಲಿರುವ ಬೀದರಿನವ
ಬುಧವಾರ, ಬೆಳಿಗ್ಗೆ 6:40

ಡಬ್ಬಿಯದ್ದಕ್ಕೆ ಸ್ವಲ್ಪ ಗಟ್ಟಿ ಮಾಡಿದ ಕೊಬ್ಬು ಸೇರಿಸಿರುತ್ತಾರೆ, ಅದು ಎಣ್ಣೆಯನ್ನು ಹಿಡಿದಿಡುತ್ತದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಜೋಸೆಫ್ ರೋಸ್‌ಫೀಲ್ಡ್ ಅನ್ನುವವರು ಕಂಡುಕೊಂಡ ದಾರಿ ಇದು. ಅದಕ್ಕೂ ಮೊದಲು ಅಂಗಡಿಯವರು ಕೂಡ ಪೀಪಾಯಿಯಲ್ಲಿ ಕಲಕಿ ಕಲಕಿ ಮಾರಬೇಕಿತ್ತು. ಮನೆಯದ್ದನ್ನು ಅವತ್ತೇ ಬಳಸಿದರೆ ಎಣ್ಣೆ ಬೇರೆಯಾಗಲು ಸಮಯವೇ ಇರುವುದಿಲ್ಲ. ಹಿಂದಿನ ದಿನ ಮಾಡಿದ್ದರೆ ತಳದಿಂದ ಚೆನ್ನಾಗಿ ಕಲಕಿ ಹಾಕಿ. ಎಣ್ಣೆ ಬಸಿದು ಚೆಲ್ಲಬೇಡಿ, ಉಳಿದದ್ದು ಗಂಟಲಲ್ಲಿ ಇಳಿಯದಷ್ಟು ಒಣಗುತ್ತದೆ.


ಸುರಪುರದ ಹೊಲ
ಬುಧವಾರ, ಬೆಳಿಗ್ಗೆ 8:10

ಅಕ್ಕಾವ್ರೇ, ನಾವು ಕಾಲುವೆ ನೀರಿನಲ್ಲಿ ಶೇಂಗಾ ಬೆಳೆಯುವವರು. ಹಿಂಗಾರಿಗೆ ಬಿತ್ತಿದ್ದು ಮಾರ್ಚ್–ಏಪ್ರಿಲ್‌ನಲ್ಲಿ ಕಿತ್ತಿರುತ್ತೇವೆ. ಈಗ ಮಾರುಕಟ್ಟೆಯಲ್ಲಿ ಇರುವುದು ಹೆಚ್ಚಾಗಿ ಆ ಹೊಸ ಮಾಲು. ಟಿಎಂವಿ–2 ತಳಿಯ ಥರದ ಸಣ್ಣ ಕಾಳು, ತೆಳು ಸಿಪ್ಪೆಯದ್ದು ತಗೊಳ್ಳಿ. ಎಣ್ಣೆ ಚೆನ್ನಾಗಿ ಬಿಡುತ್ತದೆ.

ಕೈಯಲ್ಲಿ ಹಿಡಿದು ಅಲುಗಿಸಿದರೆ ಸದ್ದು ಬರಬೇಕು. ಹಲ್ಲಲ್ಲಿ ಕಚ್ಚಿದರೆ ಟಕ್ ಅಂತ ಮುರಿಯಬೇಕು. ಮೆತ್ತಗೆ ಬಾಗಿದರೆ ಒಳಗೆ ಹಸಿ ಇದೆ ಅಂತ ಅರ್ಥ. ಅಂಥದ್ದು ಸಿಕ್ಕರೆ ಎರಡು ದಿನ ಬಿಸಿಲಿಗೆ ಹರವಿ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೂಸ್ಟು ಹಿಡಿದದ್ದು, ಕಪ್ಪಾದದ್ದು, ಮುರುಟಿದ್ದು, ಬಾಯಿಗಿಟ್ಟರೆ ಕಹಿ ಅನ್ನಿಸಿದ್ದು ಒಂದು ಕಾಳೂ ಬೇಡ. ಶೇಂಗಾಕ್ಕೆ ಬರುವ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಆಗುತ್ತದೆ. ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಬೆಲೆ ಕಡಿಮೆ ಅಂತ ಮುಗ್ಗಲು ಶೇಂಗಾ ತಂದು ಮಕ್ಕಳಿಗೆ ಕೊಡಬೇಡಿ. ಹಸನು ಮಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿ.


ದರ್ಗಾ ರಸ್ತೆ ಹುಡುಗಿ
ಬುಧವಾರ, ಸಂಜೆ 5:30

ಅಕ್ಕಾ, ಶೇಂಗಾ ಪದರ ಕತ್ತರಿಸಿದಾಗ ಚೌಕವಾಗಿ ನಿಲ್ಲಬೇಕು ಅಂದರೆ ಚೀನಾ ಗ್ರಾಸ್ ಸ್ವಲ್ಪ ಹಾಕಿ. ತುಂಬಾ ರೆಸಿಪಿಗಳಲ್ಲಿ ಜೆಲಾಟಿನ್ ಅಂತ ಇರುತ್ತದೆ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡುವುದು. ನೀವು ಸಸ್ಯಾಹಾರಿಗಳು, ಬೇಡ. ನಮ್ಮ ಮನೆಯಲ್ಲೂ ಹಲಾಲ್ ಅಂತ ಖಾತ್ರಿ ಇಲ್ಲದ ಜೆಲಾಟಿನ್ ಮುಟ್ಟುವುದಿಲ್ಲ. ಅಮ್ಮಿ ರಂಜಾನ್‌ನಲ್ಲಿ ಹಾಲಿನ ಸಿಹಿಗೆಲ್ಲ ಚೀನಾ ಗ್ರಾಸ್‌ನೇ ಹಾಕುತ್ತಾರೆ. ಅದು ಸಮುದ್ರದ ಪಾಚಿಯದು.

ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಜೆಲಾಟಿನ್ 35 ಡಿಗ್ರಿ ಹತ್ತಿರ ಬಂದರೆ ಕರಗಿ ನೀರಾಗುತ್ತದೆ. ಚೀನಾ ಗ್ರಾಸ್ 35–40 ಡಿಗ್ರಿಗೆ ಗಟ್ಟಿಯಾಗುತ್ತದೆ, ಆದರೆ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗಬೇಕಾದರೆ 85 ಡಿಗ್ರಿ ಬೇಕು. ಮೇಜಿನ ಮೇಲೆ ಎಷ್ಟು ಹೊತ್ತು ಇಟ್ಟರೂ ಹರಿಯುವುದಿಲ್ಲ.

4 ಗ್ರಾಂ ಸಾಕು, ಅಂದರೆ 10 ಗ್ರಾಂ ಪೊಟ್ಟಣದ ಅರ್ಧಕ್ಕಿಂತ ಕಡಿಮೆ. ಸಣ್ಣಗೆ ಕತ್ತರಿಸಿ 120 ಎಂಎಲ್ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಆಮೇಲೆ ಅದೇ ನೀರಿನಲ್ಲಿ ಕುದಿಸಿ. ಒಂದು ಎಳೆಯೂ ಕಾಣದಂತೆ ಕರಗಬೇಕು. ಸೋಸಿ. ಹಾಲಿನಲ್ಲಿ ಕುದಿಸಬೇಡಿ, ನೀರಿನಲ್ಲಿ ಬೇಗ ಕರಗುತ್ತದೆ.

ಈಗ ಮುಖ್ಯವಾದದ್ದು. ಚಕ್ಕಾ ಫ್ರಿಜ್‌ನಿಂದ ತೆಗೆದ ಕೂಡಲೇ ಬೆರೆಸಬೇಡಿ. ತಣ್ಣನೆಯದಕ್ಕೆ ಬಿಸಿ ಚೀನಾ ಗ್ರಾಸ್ ಬಿದ್ದರೆ ತಕ್ಷಣ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ, ಬಾಯಿಗೆ ದಾರದ ಥರ ಸಿಗುತ್ತದೆ. ಚಕ್ಕಾ, ಶೇಂಗಾ ಕಲಸಿದ್ದನ್ನು ಇಪ್ಪತ್ತು ನಿಮಿಷ ಹೊರಗಿಡಿ. ನಮ್ಮ ಬಿಸಿಲು ಇಲ್ಲಿ ಉಪಕಾರವನ್ನೇ ಮಾಡುತ್ತದೆ. ಮೊದಲು ಅದರಲ್ಲಿ ಎರಡು ಸೌಟು ತೆಗೆದು ಬಿಸಿ ಚೀನಾ ಗ್ರಾಸ್‌ಗೆ ಹಾಕಿ ಕಲಸಿ, ಆಮೇಲೆ ಎಲ್ಲವನ್ನೂ ಒಟ್ಟು ಮಾಡಿ ಬೇಗ ಬೇಗ ತಟ್ಟೆಗೆ ಸುರಿಯಿರಿ.


ಜೇವರ್ಗಿ ರಸ್ತೆ ಕೇಕ್ ಅಕ್ಕ
ಬುಧವಾರ, ರಾತ್ರಿ 8:45

ಈ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇಷ್ಟು ದಿನ ಚಕ್ಕಾ ಒಂದನ್ನೇ ನಂಬಿ ಫ್ರೀಜರ್‌ನಲ್ಲಿಟ್ಟು ಕೊಡುತ್ತಿದ್ದೆ. ಆದರೆ 4 ಗ್ರಾಂಗಿಂತ ಮೇಲೆ ಹೋಗಬೇಡ ತಂಗಿ. ಜಾಸ್ತಿಯಾದರೆ ಶೇಂಗಾ ಬಟರ್‌ನ ಆ ಮೆತ್ತನೆ ಗುಣ ಹೋಗಿ ಹಲ್ವಾ ತಿಂದ ಹಾಗೆ ಆಗುತ್ತದೆ.

ಪದರ ಜಾರಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಫ್ರಿಜ್‌ನಿಂದ ತೆಗೆದ ಶೇಂಗಾ ಪದರದ ಮೇಲೆ ಬೆವರಿನ ಹಾಗೆ ನೀರು ಕೂರುತ್ತದೆ. ಅದರ ಮೇಲೆ ಚಾಕಲೇಟ್ ಸುರಿದರೆ ಎರಡೂ ಅಂಟುವುದಿಲ್ಲ. ತೆಗೆದ ಕೂಡಲೇ ಟಿಶ್ಯೂ ಒತ್ತಿ ನೀರು ತೆಗೆ. ಚಮಚದ ತುದಿಯಿಂದ ಮೇಲೆ ಸಣ್ಣ ಗೀರು ಎಳೆ. ಚಾಕಲೇಟ್ ಅದರಲ್ಲಿ ಇಳಿದು ಹಿಡಿದುಕೊಳ್ಳುತ್ತದೆ.

ಬಿಸ್ಕತ್ತಿನ ತಳಕ್ಕೂ ಬರೀ ಬೆಣ್ಣೆ ಹಾಕಬೇಡ. ಬೆಣ್ಣೆಯೂ ಈ ಬಿಸಿಗೆ ಕರಗುತ್ತದೆ, ತಳ ಪುಡಿಪುಡಿ ಆಗುತ್ತದೆ. 250 ಗ್ರಾಂ ಮಾರಿ ಬಿಸ್ಕತ್ತಿಗೆ 60 ಗ್ರಾಂ ಬೆಣ್ಣೆ, 60 ಗ್ರಾಂ ಕಾಂಪೌಂಡ್ ಒಟ್ಟಿಗೆ ಕರಗಿಸಿ ಕಲಸು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ಒಂದು ಚಮಚ ಹಾಲು. ತಟ್ಟೆಗೆ ಬಟರ್ ಪೇಪರ್ ಹಾಸಿ, ಲೋಟದ ತಳದಿಂದ ಮೂಲೆ ಮೂಲೆಗೂ ಒತ್ತು. ಮೂಲೆ ಸಡಿಲ ಇದ್ದರೆ ಕತ್ತರಿಸುವಾಗ ಅಲ್ಲಿಂದಲೇ ಉದುರುತ್ತದೆ.


ಶಹಾಬಾದ್ ಟೀಚರ್
ಬುಧವಾರ, ರಾತ್ರಿ 9:30

ಮಧ್ಯೆ ಬಂದೆ, ಕ್ಷಮಿಸಿ. ಬರುವ 15 ಮಕ್ಕಳ ಮನೆಗೂ ಮೊದಲೇ ಫೋನ್ ಮಾಡಿ ಕೇಳಿ, ಯಾರಿಗಾದರೂ ಶೇಂಗಾ ಆಗುವುದಿಲ್ಲವಾ ಅಂತ. ನಮ್ಮ ಕಡೆ ಅಪರೂಪ ಅಂದುಕೊಳ್ಳುತ್ತೇವೆ. ನನ್ನ ತರಗತಿಯಲ್ಲೇ ಒಂದು ಮಗುವಿಗೆ ಚಿಕ್ಕಿ ತಿಂದು ತುಟಿ ಊದಿ ಉಸಿರಾಟಕ್ಕೆ ಕಷ್ಟವಾಗಿ ಓಡಿಸಿಕೊಂಡು ಹೋಗಬೇಕಾಯಿತು. ಅಂಥ ಮಗು ಇದ್ದರೆ ಅದಕ್ಕೆ ಬೇರೆ ಪಾತ್ರೆ, ಬೇರೆ ಚಾಕು, ಬೇರೆ ಸಿಹಿ.


ಸೇಡಂ ರಸ್ತೆ ಮನೆ
ಗುರುವಾರ, ಬೆಳಿಗ್ಗೆ 11:20

ಟೀಚರ್, ಎಲ್ಲರ ಮನೆಗೂ ಕೇಳಿದೆ. ಯಾರಿಗೂ ತೊಂದರೆ ಇಲ್ಲ. ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ.

ಇವತ್ತು ಅರ್ಧ ಅಳತೆಯಲ್ಲಿ ಮತ್ತೆ ಮಾಡುತ್ತಿದ್ದೇನೆ. ಶೇಂಗಾ ಬಟರ್ ಆಯಿ ಹೇಳಿದ ಹಾಗೆಯೇ ಬಂತು. ಒದ್ದೆ ಮರಳಿನ ಹಂತ ಬಂದಾಗ ಭಯವಾಯಿತು, ಆದರೂ ನೀರು ಹಾಕಲಿಲ್ಲ. ಏಳನೆಯ ಸಲಕ್ಕೆ ಸದ್ದು ಬದಲಾಯಿತು! ಬಿಸ್ಕತ್ತು, ಶೇಂಗಾ ಎರಡೂ ಪದರ ಫ್ರಿಜ್‌ನಲ್ಲಿವೆ.

ಈಗ ತೊಂದರೆ ಚಾಕಲೇಟ್‌ನದು. ಕುದಿಯುವ ನೀರಿನ ಮೇಲೆ ಬೋಗುಣಿ ಇಟ್ಟು ಕರಗಿಸುತ್ತಿದ್ದೆ. ಚೆನ್ನಾಗಿ ಕರಗಿತ್ತು. ಇದ್ದಕ್ಕಿದ್ದಂತೆ ಮಣ್ಣಿನ ಮುದ್ದೆಯ ಹಾಗೆ ಗಟ್ಟಿಯಾಗಿಬಿಟ್ಟಿತು. ಹೊಳಪೆಲ್ಲ ಹೋಯಿತು. ಕೇಕ್ ಅಕ್ಕ, ಇದ್ದೀರಾ? ಇದನ್ನು ಎಸೆಯಬೇಕಾ?


ಜೇವರ್ಗಿ ರಸ್ತೆ ಕೇಕ್ ಅಕ್ಕ
ಗುರುವಾರ, ಬೆಳಿಗ್ಗೆ 11:28

ಎಸೆಯಬೇಡ! ಒಲೆ ಆರಿಸು. ಆವಿಯ ನೀರು ಒಂದು ಹನಿ ಒಳಗೆ ಬಿದ್ದಿದೆ, ಅಷ್ಟೇ. ಚಾಕಲೇಟ್‌ನಲ್ಲಿರುವ ಸಕ್ಕರೆ, ಕೋಕೋ ಕಣ ಆ ಹನಿ ನೀರಿಗೆ ಅಂಟಿಕೊಂಡು ಗಂಟಾಗುತ್ತವೆ. ಒಂದು ಹನಿಗೆ ಕೆಡುತ್ತದೆ, ಆದರೆ ಜಾಸ್ತಿ ಹಾಕಿದರೆ ಸರಿಯಾಗುತ್ತದೆ. ಕ್ರೀಮನ್ನು ಬಿಸಿ ಮಾಡು, ಕುದಿಯುವುದು ಬೇಡ, ಅಂಚಿನಲ್ಲಿ ಗುಳ್ಳೆ ಬಂದರೆ ಸಾಕು. 60 ಗ್ರಾಂ ಚಾಕಲೇಟ್‌ಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಹಾಕುತ್ತಾ ನಡುವಿನಿಂದ ತಿರುವು. ಮೊದಲು ಇನ್ನೂ ಕೆಟ್ಟ ಹಾಗೆ ಕಾಣುತ್ತದೆ. ಬಿಡದೆ ತಿರುವು, ಹೊಳಪು ಬರುತ್ತದೆ. ಹೇಗೂ ಮೇಲಿನ ಪದರಕ್ಕೆ ಕ್ರೀಮ್ ಹಾಕಲೇಬೇಕಿತ್ತಲ್ಲ.

ತಣ್ಣನೆ ಕ್ರೀಮ್ ಮಾತ್ರ ಹಾಕಬೇಡ.


ಸೇಡಂ ರಸ್ತೆ ಮನೆ
ಗುರುವಾರ, ಬೆಳಿಗ್ಗೆ 11:47

ಬಂತು ಅಕ್ಕಾ! ಕನ್ನಡಿಯ ಹಾಗೆ ಹೊಳೆಯುತ್ತಿದೆ. ಕೈ ನಡುಗುತ್ತಿತ್ತು, ಈಗ ಕುಳಿತು ನೀರು ಕುಡಿದೆ.


ಜೇವರ್ಗಿ ರಸ್ತೆ ಕೇಕ್ ಅಕ್ಕ
ಗುರುವಾರ, ಮಧ್ಯಾಹ್ನ 12:05

ಭಾನುವಾರದ್ದಕ್ಕೆ ನೀರು ಕುದಿಸಬೇಡ. ಬಿಸಿಯಾಗಿ ಆವಿ ಏಳುವ ಮೊದಲೇ ಒಲೆ ಆರಿಸಿ ಬೋಗುಣಿ ಇಡು. ಬೋಗುಣಿ ಕೆಳಗಿನ ಪಾತ್ರೆಗಿಂತ ಅಗಲ ಇರಲಿ, ಆವಿ ಮೇಲೆ ಬರದಂತೆ. ತಳ ನೀರಿಗೆ ತಾಗಬಾರದು. 250 ಗ್ರಾಂ ಕಾಂಪೌಂಡ್‌ಗೆ 100 ಎಂಎಲ್ ಕ್ರೀಮ್. ತಂಪು ಊರಿನವರು ಎರಡೂ ಸಮ ಹಾಕುತ್ತಾರೆ, ನಮಗೆ ಅದು ನಿಲ್ಲುವುದಿಲ್ಲ. ಬೆರಳಿಟ್ಟರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಿದಾಗ ಸುರಿ. ಬಿಸಿ ಇರುವಾಗ ಸುರಿದರೆ ಕೆಳಗಿನ ಪದರದ ಎಣ್ಣೆ ಮೇಲೆ ಬರುತ್ತದೆ.


ಬೀದರ್ ಕೋಟೆ ಬದಿ
ಗುರುವಾರ, ರಾತ್ರಿ 10:10

ನಮ್ಮ ಬೀದರ್ 2,000 ಅಡಿಗಿಂತ ಎತ್ತರದಲ್ಲಿರುವುದರಿಂದ ನಿಮಗಿಂತ ಸ್ವಲ್ಪ ತಂಪು. ಆದರೂ ಮೇ ತಿಂಗಳಲ್ಲಿ ಕರೆಂಟ್ ಹೋಗುವ ಕಾಟ ನಮಗೂ ಇದೆ. ವೈನಿ, ಭಾನುವಾರ ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಈಗಲೇ ಯೋಚಿಸಿ. ಹೋದ ವರ್ಷ ನಮ್ಮ ಮನೆ ಕಾರ್ಯಕ್ರಮಕ್ಕೆ ಇಟ್ಟಿದ್ದ ಶ್ರೀಖಂಡ ಪೂರ್ತಿ ಹುಳಿಯಾಯಿತು, ಕರೆಂಟ್ ಹೋದಾಗ ಪದೇ ಪದೇ ಬಾಗಿಲು ತೆಗೆದು ನೋಡಿದ್ದೇ ತಪ್ಪಾಯಿತು. ತೆಗೆಯದೆ ಇದ್ದರೆ ಫ್ರಿಜ್ ಮೂರು–ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ಶನಿವಾರವೇ ಮೂರು ನಾಲ್ಕು ಬಾಟಲಿ ನೀರು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ. ಕರೆಂಟ್ ಹೋದ ಕೂಡಲೇ ಅವನ್ನು ತಟ್ಟೆಯ ಅಕ್ಕಪಕ್ಕ ಇಟ್ಟು ಬಾಗಿಲು ಮುಚ್ಚಿಬಿಡಿ.

ಹೊರಗೆ ತೆಗೆದ ಮೇಲೆ ಒಂದು ಗಂಟೆಯೊಳಗೆ ಖಾಲಿಯಾಗಬೇಕು. ಆಕಾರ ನಿಂತಿದೆ ಅಂತ ನಂಬಬೇಡಿ, ಒಳಗೆ ಚಕ್ಕಾ ಇದೆ.


ಸೇಡಂ ರಸ್ತೆ ಮನೆ
ಭಾನುವಾರ, ರಾತ್ರಿ 10:30

ಎಲ್ಲರಿಗೂ ಮೊದಲು ಕೈ ಮುಗಿಯುತ್ತೇನೆ. ಸಿಹಿ ನಿಂತಿತು.

ಕೊನೆಗೆ ಬಳಸಿದ ಅಳತೆ ಹೇಳುತ್ತೇನೆ, ಬೇರೆಯವರಿಗೆ ಬೇಕಾಗಬಹುದು. 8 ಇಂಚಿನ ಚೌಕ ತಟ್ಟೆ. ತಳಕ್ಕೆ ಮಾರಿ 250 ಗ್ರಾಂ, ಬೆಣ್ಣೆ 60, ಕಾಂಪೌಂಡ್ 60. ನಡುವಿನ ಪದರಕ್ಕೆ ಶೇಂಗಾ ಬಟರ್ 250 ಗ್ರಾಂ (300 ಗ್ರಾಂ ಹಸಿ ಶೇಂಗಾ ಹುರಿದು ಸಿಪ್ಪೆ ತೆಗೆದ ಮೇಲೆ ಇಷ್ಟಕ್ಕಿಂತ ಒಂಚೂರು ಜಾಸ್ತಿ ಬಂತು), ಚಕ್ಕಾ 300 ಗ್ರಾಂ, ಪುಡಿ ಸಕ್ಕರೆ 120 ಗ್ರಾಂ, ಉಪ್ಪು ಕಾಲು ಚಮಚ, ಚೀನಾ ಗ್ರಾಸ್ 4 ಗ್ರಾಂ. ಮುಕ್ಕಾಲು ಕೆಜಿ ಗಟ್ಟಿ ಮೊಸರಿಗೆ ಅಷ್ಟು ಚಕ್ಕಾ ಸಿಕ್ಕಿತು. ಮೇಲೆ ಕಾಂಪೌಂಡ್ 250, ಕ್ರೀಮ್ 100 ಎಂಎಲ್, ಕೋಕೋ ಒಂದು ಚಮಚ. ಕೊನೆಗೆ ಹುರಿದು ಒಡೆದ ಶೇಂಗಾ ಉದುರಿಸಿದೆ.

ಶನಿವಾರ ಬೆಳಿಗ್ಗೆ ತಳ, ಮಧ್ಯಾಹ್ನ ಶೇಂಗಾ, ರಾತ್ರಿ ಚಾಕಲೇಟ್. ಒಂದೊಂದರ ನಡುವೆ ನಾಲ್ಕು ಗಂಟೆ ಫ್ರಿಜ್. ಅವಸರ ಮಾಡಲಿಲ್ಲ.

ಕರೆಂಟ್ ಮಧ್ಯಾಹ್ನ ಒಂದೂವರೆಗೆ ಹೋಯಿತು, ಬಂದಿದ್ದು ಮೂರಕ್ಕೆ. ಬಾಟಲಿಗಳು ಕಾಪಾಡಿದವು. ಸಂಜೆ ಐದಕ್ಕೆ ಮಕ್ಕಳ ಮುಂದೆ ಇಟ್ಟೆ. ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ, ಒರೆಸಿ, ಮಗಳ ಕೈಗೆ ಕೊಟ್ಟೆ. ಚಾಕಲೇಟ್ ಮೇಲೆ ಮೊದಲು ಸಣ್ಣಗೆ ಟಿಕ್ ಅಂತ ಸದ್ದು ಬಂತು, ಆಮೇಲೆ ಚಾಕು ತನ್ನಷ್ಟಕ್ಕೆ ಇಳಿಯಿತು. ಮೊದಲ ತುಂಡು ಎತ್ತಿದಾಗ ಮೂರು ಬಣ್ಣ ಮೂರು ಗೆರೆ ಎಳೆದ ಹಾಗೆ ಬೇರೆ ಬೇರೆ ಕಂಡವು. ಅವಳು ತುಂಡನ್ನು ಬಾಯಿಗೆ ಹಾಕಲಿಲ್ಲ, ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದಳು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಇಪ್ಪತ್ತು ನಿಮಿಷ ಆದರೂ ತಟ್ಟೆಯಲ್ಲಿ ಉಳಿದ ತುಂಡುಗಳ ಅಂಚು ಚೂಪಾಗಿಯೇ ಇತ್ತು. ಚಾಕಲೇಟ್ ಸ್ವಲ್ಪ ಮೆತ್ತಗಾಗಿತ್ತು, ಜಾರಲಿಲ್ಲ.

16 ತುಂಡಿನಲ್ಲಿ 15 ಮಕ್ಕಳಿಗೆ ಹೋಯಿತು. ಹದಿನಾರನೆಯದನ್ನು ಅತ್ತೆಗೆ ಕೊಟ್ಟೆ. "ಶೇಂಗಾ ಇನ್ನೊಂಚೂರು ಹುರಿಯಬೇಕಿತ್ತು" ಅಂದರು. ನಿಜ, ಭಾನುವಾರದ್ದಕ್ಕೆ ಹೆದರಿ ಬೇಗ ಇಳಿಸಿದ್ದೆ. ಗುರುವಾರದ್ದು ಇನ್ನೂ ಘಮ ಇತ್ತು.


ಆಳಂದದ ಆಯಿ
ಸೋಮವಾರ, ಬೆಳಿಗ್ಗೆ 9:15

ನಿನ್ನ ಅತ್ತೆ ತಿಂದ ಕೂಡಲೇ ಹಿಡಿದರು ನೋಡು. ಗೋಧಿ ಬಣ್ಣ ಅಂದೆನಲ್ಲ, ಅದು ಹೊಸ ಗೋಧಿಯ ಬಣ್ಣವಲ್ಲ, ಕಣಜದಲ್ಲಿ ಇಟ್ಟ ಗೋಧಿಯ ಬಣ್ಣ. ಮುಂದಿನ ಸಲ ಇನ್ನೆರಡು ನಿಮಿಷ ಬಿಡು. ಮಗಳಿಗೆ ನನ್ನ ಆಶೀರ್ವಾದ.


ಯಾದಗಿರಿ ಸ್ಟೇಷನ್ ಏರಿಯಾ
ಸೋಮವಾರ, ಬೆಳಿಗ್ಗೆ 11:00

ಎಲ್ಲಾ ಓದಿದೆ, ನಾನೂ ಮಾಡಬೇಕು. ಸಕ್ಕರೆ ಬದಲು ಬೆಲ್ಲ ಹಾಕಬಹುದಾ?


ಜೇವರ್ಗಿ ರಸ್ತೆ ಕೇಕ್ ಅಕ್ಕ
ಸೋಮವಾರ, ಮಧ್ಯಾಹ್ನ 12:40

ಶೇಂಗಾ ಬಟರ್‌ಗೆ ನೇರವಾಗಿ ಹಾಕಬೇಡಿ, ಬೆಲ್ಲದಲ್ಲಿ ತೇವ ಇರುತ್ತದೆ, ಗಂಟುಗಟ್ಟುತ್ತದೆ. ಒಣ ಬೆಲ್ಲದ ಪುಡಿ ಜರಡಿ ಹಿಡಿದು ಮೊದಲು ಚಕ್ಕಾಗೆ ಕಲಸಿ ಕರಗಿಸಿ, ಆಮೇಲೆ ಶೇಂಗಾ ಬಟರ್ ಸೇರಿಸಿ. ಬಣ್ಣ ಸ್ವಲ್ಪ ಕಂದಾಗುತ್ತದೆ. ರುಚಿ ಹೋಳಿಗೆ ಕಡೆಗೆ ಹೋಗುತ್ತದೆ, ನನಗಂತೂ ಅದು ಇಷ್ಟ.


ಸೇಡಂ ರಸ್ತೆ ಮನೆ
ಸೋಮವಾರ, ಮಧ್ಯಾಹ್ನ 1:15

ಬೆಲ್ಲದ್ದು ಮಾಡಿದರೆ ಇಲ್ಲೇ ಬಂದು ಹೇಳಿ, ನಾನೂ ಕಾಯುತ್ತೇನೆ. ಅಂದ ಹಾಗೆ, ಜಾರಿನ ತಳಕ್ಕೆ ಅಂಟಿದ ಶೇಂಗಾ ಬಟರ್ ತೊಳೆದು ಚೆಲ್ಲಬೇಡಿ. ಎರಡು ಹಿಡಿ ಹುರಿದ ಶೇಂಗಾ, ನಾಲ್ಕು ಎಸಳು ಬೆಳ್ಳುಳ್ಳಿ, ಜೀರಿಗೆ, ಖಾರಪುಡಿ, ಉಪ್ಪು ಅದೇ ಜಾರಿಗೆ ಹಾಕಿ ಒಂದು ಸುತ್ತು ತಿರುಗಿಸಿದೆ. ಇವತ್ತು ಬೆಳಿಗ್ಗೆ ಜೋಳದ ರೊಟ್ಟಿಗೆ ಅದೇ ಹಿಂಡಿ ಆಯಿತು.